ಹೆಬ್ಬಾಳ ಅವರೆ

ಹೆಬ್ಬಾಳ ಅವರೆಯು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಭಿವೃದ್ಧಿಪಡಿಸಿದ, ಬೇಗ ಕೊಯ್ಲಿಗೆ ಬರುವ ಅವರೆ ತಳಿಗಳ ಸಮೂಹ. ಇವುಗಳಲ್ಲಿ ಎಚ್‌.ಎ.-3 ಮತ್ತು ಎಚ್‌.ಎ.-4 ಪ್ರಮುಖವಾದವು. ಅವರೆಯು ಫ್ಯಾಬೇಸೀ ಕುಟುಂಬಕ್ಕೆ ಸೇರಿದ ದ್ವಿದಳ ಧಾನ್ಯವಾಗಿದ್ದು, ಇದರ ವೈಜ್ಞಾನಿಕ ಹೆಸರು ಲಾಬ್‌ಲಾಬ್ ಪರ್ಪ್ಯೂರಿಯಸ್.

ಹಿನ್ನೆಲೆ

ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದಕ್ಷಿಣ ಕರ್ನಾಟಕದ ರೈತರು ಮುಂಗಾರಿನಲ್ಲಿ ರಾಗಿಯ ನಡುವೆ ಅವರೆಯನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ರಾಗಿ ಕೊಯ್ಲಾದ ಬಳಿಕ ಬಳ್ಳಿಯು ಹಬ್ಬಿ, ಚಳಿಗಾಲದಲ್ಲಿ ಕಾಯಿ ಬಿಡುತ್ತಿತ್ತು.

ನಾಡತಳಿಗಳು ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತವೆ. ಬೆಂಗಳೂರಿನಲ್ಲಿ ಹಗಲಿನ ಅವಧಿ ಜೂನ್‌ನಲ್ಲಿ ಸುಮಾರು 13 ಗಂಟೆಗಳಿದ್ದರೆ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷಗಳಿರುತ್ತದೆ. ಆದ್ದರಿಂದ ಯಾವಾಗ ಬಿತ್ತಿದರೂ ಫಸಲು ಚಳಿಗಾಲಕ್ಕೇ ಸೀಮಿತವಾಗುತ್ತಿತ್ತು.

ತಳಿ ಅಭಿವೃದ್ಧಿ

ಅವರೆಯು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂ ಅರಳುವ ಮುನ್ನವೇ ಪರಾಗಕೋಶಗಳು ಒಡೆಯುತ್ತವೆ. ಹೀಗಾಗಿ ಸಂಕರಣ ಮಾಡುವಾಗ ಮೊಗ್ಗಿನ ಹಂತದಲ್ಲಿಯೇ ಪರಾಗಕೋಶಗಳನ್ನು ತೆಗೆದು, ಬೇರೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಲೇಪಿಸಬೇಕು. ಎರಡನೆಯ ಪೀಳಿಗೆಯಲ್ಲಿ ಗುಣಗಳು ಬೇರ್ಪಟ್ಟು ಕಾಣಿಸಿಕೊಳ್ಳುತ್ತವೆ. ಅಪೇಕ್ಷಿತ ಗಿಡಗಳನ್ನು ಆರಿಸಿ, ಗುಣಗಳು ಸ್ಥಿರವಾಗುವವರೆಗೆ ಹಲವು ಪೀಳಿಗೆ ಬೆಳೆಸಲಾಗುತ್ತದೆ.

ಇಲ್ಲಿ ಎರಡು ಗುಣಗಳು ಮುಖ್ಯವಾದವು: ಹಗಲಿನ ಅವಧಿಯನ್ನು ಅವಲಂಬಿಸದೆ ಹೂ ಬಿಡುವುದು ಮತ್ತು ಬಳ್ಳಿಯಾಗಿ ಹಬ್ಬದೆ ಗಿಡ್ಡ ಪೊದೆಯಾಗಿ ನಿಲ್ಲುವುದು. ಇವೆರಡೂ ಇರುವ ಎಚ್‌.ಎ.-3 ಮತ್ತು ಎಚ್‌.ಎ.-4 ತಳಿಗಳನ್ನು ನೀರಿನ ಸೌಲಭ್ಯವಿದ್ದಲ್ಲಿ ವರ್ಷವಿಡೀ ಬೆಳೆಯಬಹುದು.

ಇಳುವರಿ ಮತ್ತು ಮಿತಿಗಳು

ಹಬ್ಬುವ ನಾಡತಳಿಯು ದೀರ್ಘಕಾಲ ಹೂ ಬಿಡುತ್ತಿರುವುದರಿಂದ ಒಂದೊಂದು ಗಿಡದ ಇಳುವರಿ ಸಾಮಾನ್ಯವಾಗಿ ಹೆಚ್ಚು. ಪೊದೆ ತಳಿಗಳಲ್ಲಿ ಈ ಕೊರತೆಯನ್ನು ಒತ್ತಾದ ಬಿತ್ತನೆ ಮತ್ತು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬೆಳೆಗಳ ಮೂಲಕ ತುಂಬಿಕೊಳ್ಳಬೇಕಾಗುತ್ತದೆ. ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಬಲಿಯುವುದು ಕೊಯ್ಲಿಗೆ ಅನುಕೂಲ. ಆದರೆ ಆ ವೇಳೆಗೆ ಕಾಯಿಕೊರಕ ಹುಳು ಬಿದ್ದರೆ, ಮತ್ತೆ ಹೂ ಬಿಟ್ಟು ನಷ್ಟ ತುಂಬಿಕೊಳ್ಳುವ ಅವಕಾಶ ಗಿಡಕ್ಕೆ ಕಡಿಮೆ.

ಮತ್ತೊಂದು ಸವಾಲು ಸೊಗಡು. ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂತಹ ಅಂಶದಿಂದ ಬರುವ ಈ ಪರಿಮಳವನ್ನು ನೋಡಿಯೇ ಗ್ರಾಹಕರು ಅವರೆಕಾಯಿ ಕೊಳ್ಳುತ್ತಾರೆ. ಚಳಿಗಾಲದ ನಾಡತಳಿಗಳು ಸೊಗಡಿಗೆ ಹೆಸರಾದವು. ಆದ್ದರಿಂದ ಅಲ್ಪಾವಧಿ ಮತ್ತು ಇಳುವರಿಯೊಂದಿಗೆ ಸೊಗಡನ್ನೂ ಉಳಿಸಿಕೊಳ್ಳುವುದು ಅವರೆ ತಳಿ ಅಭಿವೃದ್ಧಿಯ ಪ್ರಮುಖ ಗುರಿಯಾಗಿದೆ. ಇದಕ್ಕೆ ಬೇಕಾದ ವಂಶವಾಹಿಗಳ ಮೂಲವಾಗಿರುವ ನಾಡತಳಿಗಳ ಸಂರಕ್ಷಣೆಯೂ ಅಷ್ಟೇ ಅಗತ್ಯವಾಗಿದೆ.