ದತ್ತಾಂಶಕ್ಕೆ ನಾವೇ ಆರಿಸಿದ ನೆಲೆ

ಪ್ರಯೋಗಾಲಯದ ಗ್ಯಾಲ್ವನೋಮೀಟರ್ ಕೆಟ್ಟರೆ ಇನ್ನೊಂದನ್ನು ತರಿಸಬಹುದು. ಅಳತೆಗಳನ್ನು ಬರೆದಿಟ್ಟ ಪುಸ್ತಕವೇ ಕಳೆದುಹೋದರೆ? ಸರ್ವರಿನಲ್ಲಿ ಡೇಟಾಬೇಸ್ ತಂತ್ರಾಂಶವನ್ನು ಅಳವಡಿಸುವವರು ಈ ಭೇದವನ್ನು ಮರೆಯಬಾರದು. ತಂತ್ರಾಂಶವು ಉಪಕರಣವಿದ್ದಂತೆ, ಅದು ಕಾಪಾಡುವ ದತ್ತಾಂಶ ಅಳತೆಯ ಪುಸ್ತಕವಿದ್ದಂತೆ. ಎರಡಕ್ಕೂ ಬೇರೆ ಬೇರೆ ಡೈರೆಕ್ಟರಿಗಳನ್ನು ನಾವೇ ಆರಿಸುವುದು ಲೇಸು.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನು ಉದಾಹರಣೆಯಾಗಿ ನೋಡೋಣ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದು, 1996ರಲ್ಲಿ ಈಗಿನ ಹೆಸರು ಪಡೆದ ಮುಕ್ತ ತಂತ್ರಾಂಶವಿದು. ಶಾಲಾ ಕಾಲೇಜುಗಳು ಇದನ್ನು ಉಚಿತವಾಗಿ ಬಳಸಬಹುದು.

ತಂತ್ರಾಂಶ ಎಲ್ಲಿರಬೇಕು?

ಲಿನಕ್ಸ್ ಸರ್ವರಿನಲ್ಲಿ ಇದನ್ನು ಮೂಲ ಸಂಕೇತದಿಂದ ಅಳವಡಿಸುವಾಗ ಮೂರು ಹಂತಗಳಿವೆ. ‘ಕಾನ್ಫಿಗರ್’ ಎಂಬುದು ಕಂಪ್ಯೂಟರಿನಲ್ಲಿ ಬೇಕಾದ ಸೌಕರ್ಯಗಳಿವೆಯೇ ಎಂದು ಪರೀಕ್ಷಿಸುತ್ತದೆ. ‘ಮೇಕ್’ ಆದೇಶವು ಕಂಪೈಲ್ ಮಾಡುತ್ತದೆ. ‘ಮೇಕ್ ಇನ್‌ಸ್ಟಾಲ್’ ಕಡತಗಳನ್ನು ಅವುಗಳ ಜಾಗದಲ್ಲಿ ಇಡುತ್ತದೆ. ನಾವೇನೂ ಹೇಳದಿದ್ದರೆ ಆ ಜಾಗ ‘/ಯುಎಸ್‌ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್’. ಬೇರೆಡೆ ಬೇಕಿದ್ದರೆ ಮೊದಲ ಹಂತದಲ್ಲೇ ‘ಪ್ರಿಫಿಕ್ಸ್’ ಎಂಬ ಆಯ್ಕೆಯ ಮೂಲಕ ತಿಳಿಸಬೇಕು.

ಡೈರೆಕ್ಟರಿಯ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿರಿ, ‘/ಆಪ್ಟ್/ಪಿಜಿ-16’ ಎಂಬಂತೆ. ಇದಕ್ಕೆ ಕಾರಣವಿದೆ. ಒಂದು ಪ್ರಧಾನ ಆವೃತ್ತಿ ಸಿದ್ಧಪಡಿಸಿದ ದತ್ತಾಂಶ ಡೈರೆಕ್ಟರಿಯನ್ನು ಮತ್ತೊಂದು ಪ್ರಧಾನ ಆವೃತ್ತಿ ನೇರವಾಗಿ ತೆರೆಯದು. ದತ್ತಾಂಶವನ್ನು ಹೊಸದಕ್ಕೆ ಸಾಗಿಸುವ ‘ಪಿಜಿ_ಅಪ್‌ಗ್ರೇಡ್’ ಸಾಧನಕ್ಕೆ ಹಳೆಯದು, ಹೊಸದು ಎರಡೂ ಅಕ್ಕಪಕ್ಕದಲ್ಲಿರಬೇಕು. ಒಂದೇ ಡೈರೆಕ್ಟರಿಯಲ್ಲಿ ಹಳೆಯದರ ಮೇಲೆ ಹೊಸದನ್ನು ಹಾಕಿದರೆ ಈ ದಾರಿ ಮುಚ್ಚುತ್ತದೆ.

ದತ್ತಾಂಶ ಎಲ್ಲಿರಬೇಕು?

ದತ್ತಾಂಶ ದಿನೇ ದಿನೇ ಬೆಳೆಯುತ್ತದೆ. ಕಾರ್ಯಾಚರಣ ವ್ಯವಸ್ಥೆಯಿರುವ ವಿಭಾಗದಲ್ಲೇ ಅದನ್ನಿಟ್ಟರೆ, ಆ ವಿಭಾಗ ಭರ್ತಿಯಾದ ದಿನ ಇಡೀ ಸರ್ವರ್ ತೊಂದರೆಗೆ ಸಿಲುಕುತ್ತದೆ. ಆದ್ದರಿಂದ ಪ್ರತ್ಯೇಕ ಡಿಸ್ಕ್ ಉತ್ತಮ. ಆದರೆ ಡಿಸ್ಕನ್ನು ಜೋಡಿಸಿದ ಡೈರೆಕ್ಟರಿಯನ್ನೇ ನೇರವಾಗಿ ಬಳಸಬೇಡಿ. ಅದರೊಳಗೆ ಇನ್ನೊಂದು ಡೈರೆಕ್ಟರಿ ಮಾಡಿರಿ. ಆಗ ಡಿಸ್ಕ್ ಜೋಡಣೆಯಾಗದ ದಿನ ಒಳಗಿನ ಡೈರೆಕ್ಟರಿ ಕಾಣಿಸದು. ಸರ್ವರ್ ಆರಂಭವಾಗದೆ ನಿಲ್ಲುತ್ತದೆ, ದೋಷ ತಕ್ಷಣ ತಿಳಿಯುತ್ತದೆ.

ಈ ಡೈರೆಕ್ಟರಿಯನ್ನು ಸಿದ್ಧಪಡಿಸುವುದು ‘ಇನಿಟ್‌ಡಿಬಿ’. ‘ಡಿ’ ಆಯ್ಕೆಯೊಂದಿಗೆ ಜಾಗವನ್ನು ತಿಳಿಸಬೇಕು, ಅದು ಖಾಲಿಯಿರಬೇಕು. ಡೈರೆಕ್ಟರಿಯ ಒಡೆತನವನ್ನು ‘ಪೋಸ್ಟ್‌ಗ್ರೆಸ್’ ಎಂಬ ಪ್ರತ್ಯೇಕ ಬಳಕೆದಾರನಿಗೆ ಕೊಡುವುದು ರೂಢಿ. ಅನುಮತಿ ಸಾಮಾನ್ಯವಾಗಿ 0700, ಅಂದರೆ ಒಡೆಯನ ಹೊರತು ಬೇರೆ ಸಾಮಾನ್ಯ ಬಳಕೆದಾರರಿಗೆ ಪ್ರವೇಶವಿಲ್ಲ. ಸರ್ವಾಧಿಕಾರವುಳ್ಳ ‘ರೂಟ್’ ಹೆಸರಿನಲ್ಲಿ ಈ ಸರ್ವರ್ ಓಡಲು ಒಪ್ಪುವುದೇ ಇಲ್ಲ. ತಂತ್ರಾಂಶದಲ್ಲಿ ಲೋಪವಿದ್ದರೂ ಇಡೀ ಯಂತ್ರ ಪರರ ವಶವಾಗಬಾರದೆಂಬುದು ಇದರ ಉದ್ದೇಶ.

ಎಲ್ಲ ಅನುಮತಿಗಳು ಸರಿಯಿದ್ದರೂ ಸರ್ವರ್ ಆರಂಭವಾಗದಿದ್ದರೆ ‘ಎಸ್‌ಇಲಿನಕ್ಸ್’ ಎಂಬ ಕಾವಲು ವ್ಯವಸ್ಥೆಯನ್ನು ಗಮನಿಸಿರಿ. ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ನಲ್ಲಿ ಹೊಸ ಜಾಗಕ್ಕೆ ಅದರ ಗುರುತುಪಟ್ಟಿಯೂ ಬೇಕಾಗಬಹುದು. ಕಾವಲನ್ನೇ ತೆಗೆದುಹಾಕುವುದು ಪರಿಹಾರವಲ್ಲ.

ಕೊನೆಯಲ್ಲಿ ‘ಶೋ ಡೇಟಾ_ಡೈರೆಕ್ಟರಿ’ ಎಂದು ಸರ್ವರನ್ನೇ ಕೇಳಿ, ದತ್ತಾಂಶ ನೀವು ಬಯಸಿದಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಜಾಗ ತಿಳಿಯಿತೆಂದು, ಸರ್ವರ್ ಓಡುತ್ತಿರುವಾಗ ಆ ಡೈರೆಕ್ಟರಿಯನ್ನು ಸುಮ್ಮನೆ ನಕಲು ಮಾಡಿಕೊಂಡರೆ ಆ ಪ್ರತಿಯನ್ನು ನಂಬುವಂತಿಲ್ಲ. ನಕಲಾಗುತ್ತಿರುವಾಗಲೇ ಕಡತಗಳು ಬದಲಾಗುತ್ತಿರುತ್ತವೆ. ‘ಪಿಜಿ_ಡಂಪ್’ನಿಂದ ಪ್ರತಿ ತೆಗೆದು ಬೇರೊಂದು ಯಂತ್ರದಲ್ಲಿಡಿರಿ. ಆ ಪ್ರತಿಯಿಂದ ದತ್ತಾಂಶ ಮರಳಿ ಬರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿದ ಮೇಲೆಯೇ ಅಳವಡಿಕೆ ಪೂರ್ಣವಾಯಿತೆನ್ನಬಹುದು.