ಪರದೆಯಲ್ಲಿತ್ತು, ಗಮನಕ್ಕೆ ಬರಲಿಲ್ಲ

1990ರ ಫೆಬ್ರವರಿ 14. ಮುಂಬಯಿಯಿಂದ ಬೆಂಗಳೂರಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಮುಳ್ಳು ತಿರುಗುವ ಮೀಟರುಗಳ ಜಾಗಕ್ಕೆ ಪರದೆಗಳು ಬಂದಿದ್ದ ಹೊಸ ಕಾಕ್‌ಪಿಟ್ ಅದು. ವಿಮಾನ ‘ಓಪನ್ ಡಿಸೆಂಟ್’ ಮೋಡ್‌ನಲ್ಲಿ ಇಳಿಯುತ್ತಿತ್ತು. ಅಂದರೆ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು. ಮೋಡ್‌ನ ಹೆಸರು ಪೈಲಟ್‌ನ ಎದುರಿನ ಪರದೆಯ ಮೇಲಂಚಿನಲ್ಲೇ ಮೂಡುತ್ತದೆ. ಅಪಾಯ ಅರಿವಾಗುವಷ್ಟರಲ್ಲಿ ಹೊತ್ತು ಮೀರಿತ್ತು.

1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಇಳಿಯುವ ಕೋನ 3.3 ಡಿಗ್ರಿಯಾದರೆ ಪರದೆ ‘3.3’ ಎನ್ನುತ್ತಿತ್ತು, ಇಳಿಯುವ ವೇಗ ನಿಮಿಷಕ್ಕೆ 3,300 ಅಡಿಯಾದರೆ ‘33’ ಎನ್ನುತ್ತಿತ್ತು. ನಡುವೆ ಇದ್ದದ್ದು ಒಂದೇ ಒಂದು ಚುಕ್ಕಿ. ಪೈಲಟ್‌ಗಳು ಒಂದನ್ನು ಇನ್ನೊಂದೆಂದು ತಿಳಿದಿರುವ ಸಾಧ್ಯತೆಯೇ ಹೆಚ್ಚೆಂದು ತನಿಖೆ ಹೇಳಿತು. ಆಮೇಲೆ ಏರ್‌ಬಸ್ ವೇಗವನ್ನು ಪೂರ್ತಿ ನಾಲ್ಕು ಅಂಕಿಗಳಲ್ಲಿ ತೋರಿಸತೊಡಗಿತು.

ಎರಡೂ ಕಡೆ ಪರದೆ ಸುಳ್ಳು ಹೇಳಿರಲಿಲ್ಲ. ಸರಿಯಾದ ಅಂಕಿ ಸರಿಯಾದ ಜಾಗದಲ್ಲಿ ಬಂತೇ ಎಂದಷ್ಟೇ ನೋಡಿದ್ದರೆ, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಟೆಸ್ಟ್ ಪಾಸ್. ಆದ್ದರಿಂದಲೇ ಕಾಕ್‌ಪಿಟ್ ಪರದೆಗೆ ಇನ್ನೊಂದು ಪರೀಕ್ಷೆ ಬೇಕು. ಪೈಲಟ್‌ಗಳನ್ನೇ ಸಿಮ್ಯುಲೇಟರಿನಲ್ಲಿ ಕೂರಿಸಿ, ಮುಖಕ್ಕೆ ಬಿಸಿಲು ಬಿದ್ದಾಗ, ರಾತ್ರಿ ಕತ್ತಲಲ್ಲಿ, ಕೈತುಂಬ ಕೆಲಸವಿದ್ದಾಗ ಅದು ಥಟ್ಟನೆ ಅರ್ಥವಾಗುತ್ತದೆಯೇ ಎಂದು ನೋಡಬೇಕು.

ಸಾನಪಾಡಾದಿಂದ ಊರಿಗೆ ಹೊರಟು ಬೆಂಗಳೂರಿನ ವಿಮಾನ ಹತ್ತುವ ನಮ್ಮ ಜೀವ ಆ ಎರಡನೇ ಪರೀಕ್ಷೆಯ ಮೇಲೂ ನಿಂತಿದೆ.