ಚೇಳಿನ ಗುರುತಿನ ಸೈಲೆನ್ಸರ್

ರೇಸ್ ಕಾರು ಕಟ್ಟುವುದು ಹಣ ಸುಡುವ ಕೆಲಸ. ಆ ಹಣದ ದೊಡ್ಡ ಪಾಲನ್ನು ಕಾರ್ಲೊ ಅಬಾರ್ತ್ ಸೈಲೆನ್ಸರ್ ಮಾರಿ ಗಳಿಸಿದ. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಮಾಜಿ ಮೋಟರ್‌ಸೈಕಲ್ ರೇಸರ್, 1949ರಲ್ಲಿ ಇಟಲಿಯಲ್ಲಿ ತನ್ನದೇ ಕಂಪನಿ ಶುರುಮಾಡಿದ. ಪಾಶ್ಚಾತ್ಯರ ಲೆಕ್ಕದಲ್ಲಿ ಅವನದು ವೃಶ್ಚಿಕ ರಾಶಿ. ಹಾಗಾಗಿ ಕಂಪನಿಯ ಲಾಂಛನ ಚೇಳು. ಯುದ್ಧದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಇಟಲಿಯಲ್ಲಿ ಸಾಮಾನ್ಯರಿಗೆ ಎಟುಕುತ್ತಿದ್ದುದು ಫಿಯಟ್‌ನ ಪುಟಾಣಿ ಕಾರುಗಳು. ದೊಡ್ಡ ಕಾರು ಕೊಳ್ಳಲಾಗದವನೂ ಒಂದು ಸೈಲೆನ್ಸರ್ ಬದಲಿಸಿಕೊಳ್ಳಬಲ್ಲ ಎಂಬುದು ಅಬಾರ್ತ್‌ಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಹೊಗೆ ಹೋಗುವ ಕೊಳವೆಗೂ ಎಂಜಿನ್ನಿನ ಬಲಕ್ಕೂ ಏನು ಸಂಬಂಧ? ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣದಲ್ಲಿ ಸಿಲಿಂಡರಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಹೊಗೆಗಿಂತ ಮುಂಚೆ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತದೆ. ಹೊರಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; ಕೊಳವೆಯ ಬಿಸಿ ಅನಿಲದಲ್ಲಿ ಅದು 550ರ ಆಸುಪಾಸು. ಕೊಳವೆ ತೆರೆದುಕೊಳ್ಳುವ ತುದಿಯಲ್ಲಿ ಈ ಅಲೆ ಪೂರ್ತಿ ಹೊರಗೆ ಹೋಗುವುದಿಲ್ಲ, ಒಂದಂಶ ತಿರುಗಿ ಬರುತ್ತದೆ. ತಳ್ಳುತ್ತ ಹೋದದ್ದು ಈಗ ಎಳೆಯುತ್ತ ಬರುತ್ತದೆ.

ಆ ಎಳೆತ ವಾಲ್ವನ್ನು ಯಾವಾಗ ಮುಟ್ಟುತ್ತದೆ ಎಂಬುದರಲ್ಲೇ ಇಡೀ ವಿದ್ಯೆ ಇದೆ. ಹೊಗೆಯ ವಾಲ್ವ್ ಮುಚ್ಚುವ ಮೊದಲೇ ಹೊಸ ಮಿಶ್ರಣದ ವಾಲ್ವ್ ತೆರೆಯುತ್ತದೆ. ಎರಡೂ ತೆರೆದಿರುವ ಆ ಚೂರು ಹೊತ್ತಿನಲ್ಲಿ ಬಂದರೆ, ಉಳಿದ ಹೊಗೆಯನ್ನು ಎಳೆದುಹಾಕಿ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಒಂದು ಅಂದಾಜು ಲೆಕ್ಕ: 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಮುಗಿಸಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಅದರ ಮೂರನೇ ಒಂದು ಪಾಲಿನಲ್ಲಿ ಅಲೆ ಹೋಗಿಬರಬೇಕೆಂದರೆ ಒಟ್ಟು ದಾರಿ 1.8 ಮೀಟರ್, ಕೊಳವೆಯ ಉದ್ದ 90 ಸೆಂ.ಮೀ. ಅದೇ 3,000 ಆರ್‌ಪಿಎಂಗೆ ಇದರ ಎರಡರಷ್ಟು ಬೇಕು. ಮುಚ್ಚಿದ ತೂತುಗಳ ಕೊಳಲಿನಂತೆ ಒಂದು ಉದ್ದಕ್ಕೆ ಒಂದೇ ಶ್ರುತಿ. ಮೇಲಿನ ವೇಗದಲ್ಲಿ ಗಳಿಸಿದ್ದನ್ನು ಕೆಳಗಿನ ವೇಗದಲ್ಲಿ ಬಿಟ್ಟುಕೊಡಬೇಕು.

ಎಂಜಿನ್ನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಇರಲೇಬೇಕು ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ಅದು ಅರ್ಧ ಸತ್ಯವೂ ಅಲ್ಲ. ಕೊಳವೆ ತೀರಾ ಅಗಲವಾದರೆ ಹೊಗೆಯ ಹರಿವು ನಿಧಾನವಾಗಿ ಪಿಕಪ್ ಕೆಡುತ್ತದೆ, ನಿಜ. ಆದರೆ ಅಲ್ಲಿ ಕಳೆದುಹೋದದ್ದು ವೇಗ, ಒತ್ತಡವಲ್ಲ.

ಇನ್ನು ಸದ್ದಿನ ವಿಷಯ. ಮಾಮೂಲಿ ಸೈಲೆನ್ಸರಿನಲ್ಲಿ ಹೊಗೆ ಕೋಣೆಯಿಂದ ಕೋಣೆಗೆ ತಿರುಗಿ ಸುಸ್ತಾಗಿ ಹೊರಬರುತ್ತದೆ. ಸ್ಪೋರ್ಟ್ಸ್ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ತೂತುಗಳಿರುವ ನೇರ ಕೊಳವೆ, ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು. ಹೊಗೆ ಸೀದಾ ಹೋಗುತ್ತದೆ. ಸದ್ದು ನಾರಿನಲ್ಲಿ ಸಿಕ್ಕಿ ಶಾಖವಾಗುತ್ತದೆ. ಮುಖ್ಯವಾಗಿ ತೀಕ್ಷ್ಣ ಸ್ವರಗಳು ಹೀಗೆ ಅಡಗುವುದರಿಂದ ಗಡಸು ದನಿ ಉಳಿಯುತ್ತದೆ. ನಮ್ಮ ಬೀದಿಗಳಲ್ಲಿ ಬುಲೆಟ್ಟಿನ ಸೈಲೆನ್ಸರ್ ಕಿತ್ತು ಇನ್ನೊಂದು ಸಿಕ್ಕಿಸಿ, ಕೊನೆಗೆ ಪೊಲೀಸರ ರೋಡ್ ರೋಲರಿನಡಿ ಅದನ್ನು ಕಳೆದುಕೊಳ್ಳುವ ಹುಡುಗರಿಗೆ ಸಿಕ್ಕಿರುವುದು ಬರೀ ಆ ಸದ್ದು.

1957ರಲ್ಲಿ ಬಂದ ಫಿಯಟ್ 500ರ ಬಲ 13 ಅಶ್ವಶಕ್ತಿ. 1963ರ ಅಬಾರ್ತ್ 595ರದು 27. ಇಷ್ಟೂ ಕೊಳವೆಯ ಮಹಿಮೆಯಲ್ಲ: ಎಂಜಿನ್ನಿನ ಗಾತ್ರವೇ ಹೆಚ್ಚಿತ್ತು, ಕಾರ್ಬುರೇಟರೂ ಬೇರೆ. ಬೇರೇನೂ ಬದಲಿಸದೆ ಸೈಲೆನ್ಸರ್ ಒಂದನ್ನೇ ಹಾಕಿದವನಿಗೆ ಲಾಭ ಅಲ್ಪ, ಕಿವಿಗೆ ಹಬ್ಬ. ಗಿರಾಕಿಗಳು ದುಡ್ಡು ಕೊಟ್ಟದ್ದು ಹೆಚ್ಚಾಗಿ ಎರಡನೆಯದಕ್ಕೇ ಎಂಬುದು ನನ್ನ ಗುಮಾನಿ.

1971ರಲ್ಲಿ ಕಂಪನಿಯನ್ನು ಫಿಯಟ್ ಕೊಂಡುಕೊಂಡಿತು. ಚೇಳು ಉಳಿಯಿತು. 2022ರ ಕೊನೆಗೆ ಅನಾವರಣಗೊಂಡ ಅಬಾರ್ತ್ 500ಇ ಬ್ಯಾಟರಿ ಕಾರು, ಹೊಗೆಯಿಲ್ಲ, ಕೊಳವೆಯಿಲ್ಲ. ಆದರೂ ಹಳೆಯ ಪೆಟ್ರೋಲ್ ಅಬಾರ್ತ್‌ನ ಗುಡುಗನ್ನು ಅನುಕರಿಸುವ ಸ್ಪೀಕರ್ ಅದಕ್ಕಿದೆ. ಆ ದನಿ ಹದಗೊಳಿಸಲು 6,000 ಗಂಟೆಗೂ ಹೆಚ್ಚು ಹಿಡಿಯಿತೆಂದು ಕಂಪನಿ ಹೇಳಿಕೊಂಡಿದೆ. ಪಾದಚಾರಿಗಳನ್ನು ಎಚ್ಚರಿಸಲು ಯುರೋಪಿನ ನಿಯಮ ಕೇಳುವುದು ಗಂಟೆಗೆ 20 ಕಿ.ಮೀ. ವೇಗದವರೆಗಿನ ಸದ್ದನ್ನು ಮಾತ್ರ. ಅದರಾಚೆಯದು ಓಡಿಸುವವರ ಖುಷಿಗೆ.